ಚೌಕಿಗೊಂದು ಕುರಿ

ಯುದ್ಧದ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಸಿಂಧನೂರಿನಲ್ಲಿ ಬಹುಶಃ ನಾನೊಬ್ಬನೇ. ರೈಸ್ ಮಿಲ್ಲಿನ ಬಾಯ್ಲರಿಗೆ ಹೊಟ್ಟು ತುಂಬುವುದು ನನ್ನ ಕೆಲಸ. ಸಂಜೆಗೆ ಕೂದಲು, ಹುಬ್ಬು, ಮೀಸೆ ಎಲ್ಲ ಬೂದಿ. ಇಷ್ಟಾದರೂ ‘ದುರುಗೇಶ, ಇವತ್ತು ಏನಾಯ್ತಪ್ಪ?’ ಎಂದು ಯಾರೂ ಕೇಳುವುದಿಲ್ಲ. ಕೇಳುವುದೆಲ್ಲ ನನ್ನ ದೊಡ್ಡವ್ವನ ಮಗ ಕನಕರಾಜನನ್ನು. ಅವನಿಗೆ ಒಂದು ಯುದ್ಧ ಸಿಕ್ಕಿತ್ತಲ್ಲ!

ಪಾಮನಕಲ್ಲೂರಿನಲ್ಲಿ ಕುರಿ ಕಾಯುತ್ತ ಬೆಳೆದವನು ಅವನು. ಮೋಟಾರ್ ವೈಂಡಿಂಗ್ ಕಲಿತು, ಏಜೆಂಟನ ಹಿಂದೆ ಬಿದ್ದು ಸುಡಾನ್‌ಗೆ ಹೋದ. ಖಾರ್ಟೂಮಿನ ಹಿಟ್ಟಿನ ಮಿಲ್ಲಿನಲ್ಲಿ ಕರೆಂಟಿನ ಕೆಲಸ. ಅವನು ಹೋದ ಸ್ವಲ್ಪ ದಿನಕ್ಕೇ ಅಲ್ಲಿನ ಇಬ್ಬರು ಜನರಲ್‌ಗಳು ಬಡಿದಾಡಿಕೊಂಡು ದೇಶ ಎರಡು ಹೋಳಾಯಿತು. ಹೇಗೋ ತಪ್ಪಿಸಿಕೊಂಡು ಬಂದವನು ಈಗ ಮಸ್ಕಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಾಮಾನಿಗೆಂದು ಸಿಂಧನೂರಿಗೆ ಬಂದರೆ ಸಾಕು, ಲಾಲ್‌ಸಾಬ್‌ನ ಚಹಾದಂಗಡಿ ತುಂಬಿಬಿಡುತ್ತದೆ. ನನಗೆ ನೀರುಚಹಾ, ಅವನ ಕಪ್ಪಿನ ಮೇಲೆ ಕೆನೆ.

“ಕನಕಣ್ಣ, ಅವರವರ ಜಗಳಕ್ಕ ಹೊರಗಿನವರು ಯಾಕ ಬಂದ್ರು?” ಲಾಲ್‌ಸಾಬ್ ಕೇಳುತ್ತಾನೆ.

“ಬಂಗಾರ ಐತಿ, ಸಮುದ್ರದ ದಂಡಿ ಐತಿ. ಒಬ್ಬಗ ಒಂದು ದೇಶ ಡ್ರೋನ್ ಕೊಡ್ತೈತಿ. ಅದಕ್ಕ ಆಗದ ದೇಶ ಇನ್ನೊಬ್ಬಗ ಬಂದೂಕು ಕೊಡ್ತೈತಿ. ಸಾಯೋರು ಮಾತ್ರ ಅಲ್ಲಿಯವರ.”

“ನೀ ಪಾರಾಗಿದ್ದು ಹ್ಯಾಂಗ?”

“ಕುರಿ ಹಿಂಡಿನ ಜೊತಿ ನಡದೆ” ಎಂದಷ್ಟೇ ಹೇಳಿ ಕಪ್ಪು ಕೆಳಗಿಡುತ್ತಾನೆ. ಅಷ್ಟಕ್ಕೇ ಜನ ಬಾಯಿ ಬಿಡುತ್ತಾರೆ. ಹತ್ತನೇ ಕ್ಲಾಸು ಫೇಲಾದ ಮೇಲೆ ನಾನೂ ಕುರಿ ಹಿಂದೆ ನಡೆದವನೇ. ಆಗ ಯಾರೂ ಕೆನೆ ಹಾಕಲಿಲ್ಲ.

ಕೆನೆಯ ಸಂಕಟವನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಸಂತೆಕಲ್ಲೂರಿನ ನಮ್ಮ ಸೋದರಮಾವ ಮುದುಕಪ್ಪನಿಗೆ ಒಬ್ಬಳೇ ಮಗಳು, ಗಂಗಾದೇವಿ. ಅವನ ಅಕ್ಕಂದಿರ ಮಕ್ಕಳಲ್ಲಿ ಲಗ್ನವಾಗದೆ ಉಳಿದವರು ನಾವಿಬ್ಬರೇ. ಬೂದಿ ತೊಳೆದುಕೊಳ್ಳುವಾಗೆಲ್ಲ ಅವಳು ನಿನಗೇ ಎಂದು ಕನ್ನಡಿಗೆ ಹೇಳುತ್ತಿದ್ದೆ. ಈಚೆಗೆ ಅವಳು ಫೋನೆತ್ತಿದರೆ ಮೊದಲ ಮಾತೇ, “ಕನಕಮಾವ ಮಸ್ಕ್ಯಾಗ ಅದಾನೇನು?”

ಯುಗಾದಿಯ ಮರುದಿನ ಮಾವ ಇಬ್ಬರನ್ನೂ ಊಟಕ್ಕೆ ಕರೆದ. ಕೈ ತೊಳೆಯುವುದರೊಳಗೆ ಒಬ್ಬನ ಹೆಸರು ಗಟ್ಟಿಯಾಗುತ್ತದೆಂದು ಅತ್ತೆ ಗಿರಿಯಮ್ಮ ನಮ್ಮವ್ವನಿಗೆ ಮೊದಲೇ ಸುಳಿವು ಕೊಟ್ಟಿದ್ದಳು.

ಅಳಿಯ ಬಂದಾಗ ಕುರಿಹಟ್ಟಿಯಲ್ಲಿ ಅವನು ಮುಟ್ಟಿದ ಟಗರನ್ನೇ ಕೊಯ್ಯುವುದು ಮಾವನ ಮನೆಯ ರೂಢಿ. ಹಿರಿಯನಾದ ಕನಕರಾಜ ಮುಟ್ಟಬೇಕಿತ್ತು. ಅವನು ಹಟ್ಟಿಯ ಹೊರಗೇ ನಿಂತ. “ನೀನ ಮುಟ್ಟಲೇ ದುರುಗ್ಯಾ.” ಆಗಲೇ ಗೆದ್ದವನಂತೆ ಒಳನುಗ್ಗಿ, ಎಲ್ಲಕ್ಕಿಂತ ಕೊಬ್ಬಿದ್ದನ್ನು ಮುಟ್ಟಿದೆ.

ಊಟಕ್ಕೆ ಕೂತೆವು. ಬಾಡು ಬಿದ್ದಕೂಡಲೇ ಕನಕರಾಜ ತಾಟು ಪಕ್ಕಕ್ಕೆ ಸರಿಸಿದ. “ನಂಗ ರೊಟ್ಟಿ ಸಾಕು, ಅತ್ತಿ.”

ಗಿರಿಯಮ್ಮನ ಸೌಟು ಗಾಳಿಯಲ್ಲೇ ನಿಂತಿತು. ನಮ್ಮಂಥ ಕುರಿಗಾರರ ಮನೆಯಲ್ಲಿ ಅಳಿಯ ತಾಟು ಸರಿಸಿದರೆ ಹೆಣ್ಣು ಬೇಡ ಎಂದ ಹಾಗೆ. ಮಾವನ ಮುಖ ಬಿಗಿಯಿತು. ನನ್ನ ಹೊಟ್ಟೆ ಮಾತ್ರ ತಣ್ಣಗಾಯಿತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈಗ ನನ್ನ ಕತೆಯೇ ಬೇರೆಯಿರುತ್ತಿತ್ತು.

“ಯಾಕಣ್ಣ, ಸುಡಾನಿನ ಕುರಿ ತಿಂದ ಬಾಯಿಗೆ ಸಂತೆಕಲ್ಲೂರಿನ ಕುರಿ ರುಚಿ ಹತ್ತಂಗಿಲ್ಲೇನು? ಇವತ್ತು ಪೂರಾ ಕತಿ ಹೇಳಿಬಿಡು, ಎಲ್ಲಾರೂ ಕೇಳ್ಲಿ” ಎಂದು ಕೆಣಕಿದೆ. ಬುರುಡೆಯೆಲ್ಲ ಹೊರಗೆ ಬೀಳುತ್ತದೆಂದು ನನ್ನ ಎಣಿಕೆ.

ಅವನು ನೆಲ ನೋಡುತ್ತ ಹೇಳಿದ: “ಹಿಂಡು ಇದ್ರೀಸ್ ಅನ್ನೋ ಮುದುಕಂದು. ಕುರಿ ತಿರುವೋದು ನಂಗ ಬರ್ತೈತಿ ಅಂತ ಜೊತಿ ಕರಕೊಂಡ. ದಾರ್ಯಾಗ ಒಮ್ಮೆ ಈ ಜನರಲ್‌ನ ಸೈನಿಕರ ಚೌಕಿ, ಒಮ್ಮೆ ಆ ಜನರಲ್‌ನವರ ಚೌಕಿ. ಎಲ್ಲೂ ಪಾಸ್‌ಪೋರ್ಟ್ ಕೇಳ್ಲಿಲ್ಲ. ಬಂದು, ಚೆಂದ ಇದ್ದ ಕುರಿ ಮುಟ್ಟತಿದ್ರು. ಅದನ್ನ ಕೊಟ್ರ ಬಿಡ್ತಿದ್ರು. ಕಡೀ ಚೌಕಿ ಬರೋದ್ರಾಗ ಹಿಂಡು ಖಾಲಿ. ಅವತ್ತು ಮುದುಕನ್ನ ಮುಟ್ಟಿದ್ರು. ನಂಗ ಹೋಗಂದ್ರು.”

“ಯಾರ ಚೌಕಿ ಅದು?” ಮಾವ ಕೇಳಿದ.

“ಗೊತ್ತಾಗ್ಲಿಲ್ಲ ಮಾವ. ಬಂದೂಕು ಹೊಸಾವಿದ್ವು.”

ಗಂಗಾದೇವಿ ಅಡುಗೆಮನೆಯಿಂದ ಬಂದಳು. ಅವನ ತಾಟು ಎತ್ತಿ ನನ್ನ ಮುಂದಿಟ್ಟಳು. ಇನ್ನೊಂದು ತಾಟಿನಲ್ಲಿ ಬಿಸಿರೊಟ್ಟಿ, ಪುಂಡಿಪಲ್ಯ ತಂದು ಅವನಿಗೆ ಬಡಿಸಿ, ಅಲ್ಲೇ ಕೂತಳು.

“ಅಪ್ಪಾ, ಪುಂಡಿಪಲ್ಯ ಉಂಡ್ರೂ ಅಳಿಯ ಅಳಿಯನ” ಎಂದಳು.

ಮಾವ ಮಗಳನ್ನು ನೋಡಿದ, ಅವನನ್ನು ನೋಡಿದ. “ಆತು ಬಿಡವಾ” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನೀ ಉಣ್ಣಲೇ. ಟಗರು ಮುಟ್ಟಿದಾವ ನೀನ ಅಲ್ಲೇನು!”

ಉಂಡೆ. ಎರಡೂ ತಾಟು ಖಾಲಿ ಮಾಡಿದೆ. ಕಣ್ಣು ಮಾತ್ರ ಅವನ ಪುಂಡಿಪಲ್ಯದ ಮೇಲೇ ಇತ್ತು.