ಓವರ್ಸಿಯರ್ ಸಾಹೇಬರು ನೋಡದೆ ಬಿಟ್ಟ ಕೋಣೆ

ಓವರ್ಸಿಯರ್ ಸಾಹೇಬರ ಬಲಗೈ ನಡುಬೆರಳಿನ ಗಿಣ್ಣು ಕಾಯಿಗಟ್ಟಿ ಹುಣಸೆಬೀಜದಂತೆ ಕಪ್ಪಗಾಗಿತ್ತು. ಗೋಡೆ ಕಂಡಲ್ಲೆಲ್ಲ ಆ ಗಿಣ್ಣಿನಿಂದ ಟಕ್ ಟಕ್ ಬಡಿದು ಕಿವಿಗೊಡುವುದು ಅವರ ಚಾಳಿ. ಮದುವೆಯ ಊಟಕ್ಕೆ ಕೂತರೂ ಬೆನ್ನ ಹಿಂದಿನ ಗೋಡೆ ಬಡಿಯುವವರೇ. "ಸುಮ್ನ ಕುಂದರ್ರಿ, ಮಂದಿ ನಗತಾರ" ಎಂದು ಹೆಂಡತಿ ಗದರಿದರೆ, "ನಗ್ಲಿ ಬಿಡು, ಗ್ವಾಡಿ ಬಿದ್ದ ಮ್ಯಾಲೆ ನನ್ನನ್ನ ಕರ್ಯಾಕ ಬರತಾರ" ಎನ್ನುತ್ತಿದ್ದರು. ತಮ್ಮ ಕೇರಿಯಿಂದ ಡಿಪ್ಲೊಮಾ ಮಾಡಿದ ಮೊದಲಿಗರು ಅವರು. ಸರ್ಕಾರಿ ಕಟ್ಟಡಗಳ ಕೆಲಸ ನೋಡಿ, ನಿವೃತ್ತರಾಗಿ ಬಳ್ಳಾರಿಯಲ್ಲೇ ನೆಲೆಸಿದ್ದರು.

ಎಪ್ಪತ್ತರ ದಶಕದ ಮಾತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಮದುವೆ ಬೇಡ, ನನ್ನ ಹೆಸರಿನಲ್ಲಿ ಮನೆ ಬೇಕು ಎಂದು ಹಟ ಹಿಡಿದಿದ್ದೆ. ನೆಂಟರಿಗೆಲ್ಲ ಹೊಟ್ಟೆನೋವು! ಕೂಡಿಟ್ಟದ್ದು ಒಂದೇ ಒಂದು ಮನೆಗೆ ಸಾಲುವಷ್ಟು. ಎಡವಿದೆನೋ, ಅವ್ವನೂ ನಾನೂ ಸಾಯುವತನಕ ಬಾಡಿಗೆ ಮನೆಯಲ್ಲೇ.

ಸೋದರಮಾವ ತನ್ನ ಬೀಗರ ಮನೆಯನ್ನೇ ತಂದು ನನ್ನ ಕೊರಳಿಗೆ ಕಟ್ಟಲು ನೋಡಿದ. ಸಿರುಗುಪ್ಪ ರಸ್ತೆಯ ಕಡೆ ಎರೆಹೊಲದಲ್ಲಿ ಎದ್ದ ಹೊಸ ಮನೆ. ಸ್ವಾಮಿಗಳನ್ನು ಕರೆಸಿ ಮನೆಯ ಅಳತೆ ಶುಭವೋ ಅಶುಭವೋ ಎಂಬ ಆಯವನ್ನೂ ನೋಡಿಸಿದ್ದ. "ಆಯ ಕೂಡೇತಿ. ಬೀಗರ ಇಂಜಿನಿಯರೂ ನೋಡ್ಯಾನ. ಇನ್ನ ಯಾರನ್ನ ಕರಸತೀ?" ಎಂದ. ಎರೆನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ಗೋಡೆಯನ್ನು ಸೀಳುತ್ತದೆ. ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? "ಮಾರೋರ ಇಂಜಿನಿಯರ್ ನನಗ್ಯಾಕ ಮಾವಾ? ನನಗ ನನ್ನ ಮನುಷ್ಯ ಬೇಕು" ಎಂದೆ.

ಸಾಹೇಬರ ಬಳಿ ಹೋದರೆ ಅವರು ಸಲೀಸಾಗಿ ಒಪ್ಪಲಿಲ್ಲ. ಡಿಪ್ಲೊಮಾ ತಂದು ನನ್ನ ಮುಂದಿಟ್ಟರು. "ಮೊದಲ ನನ್ನ ಪರೀಕ್ಷಾ ಮಾಡ್ರಿ ಟೀಚರಮ್ಮ. ನನ್ನ ಹೊಗಳೋರು ಕುರುಗೋಡಿನಾಗ ಅದಾರ, ಬೈಯೋರು ಸಿರುಗುಪ್ಪದಾಗ ಅದಾರ. ಇಬ್ಬರನ್ನೂ ಕೇಳಿ ಬರ್ರಿ" ಎಂದು ಎರಡೂ ಮನೆಗಳ ಗುರುತು ಹೇಳಿದರು. ಬೈಯುವವರ ವಿಳಾಸ ತಾನೇ ಕೊಡುವ ಮನುಷ್ಯನನ್ನು ನಾನಂತೂ ಮತ್ತೆ ಕಂಡಿಲ್ಲ.

ಕುರುಗೋಡಿನ ಮನೆಯಾಕೆ ಮಜ್ಜಿಗೆ ಕೊಟ್ಟು, ಅವರು ನೋಡಿ ಹೇಳಿದ ಮನೆ ಇವತ್ತಿಗೂ ಅಲುಗಿಲ್ಲ ಎಂದಳು. ಸಿರುಗುಪ್ಪದ ಅಕ್ಕಿ ವ್ಯಾಪಾರಿಯಂತೂ ಹೆಸರು ಕೇಳುತ್ತಲೇ ಎಗರಿಬಿದ್ದ. "ಅವನ ಸುದ್ದಿ ಎತ್ತಬ್ಯಾಡ್ರಿ! ಕೊಳ್ಳಾಕ ಬಂದೋರ ಮುಂದ ನನ್ನ ತೊಲಿಗೆ ಗೆದ್ದಲ ಹತ್ತೇತಿ ಅಂದುಬಿಟ್ಟ. ಚಾ ಕೊಟ್ರ ಅದನ್ನೂ ಮುಟ್ಟಲಿಲ್ಲ!"

"ಗೆದ್ದಲ ಇತ್ತೇನ್ರಿ?"

"ಇತ್ತು! ಇದ್ರ ಊರಿಗೆಲ್ಲ ಹೇಳಬೇಕೇನು?"

ಬಸ್ಸಿನಲ್ಲಿ ತೆಕ್ಕಲಕೋಟೆ ದಾಟುವವರೆಗೂ ನಗುತ್ತಲೇ ಬಂದೆ. ಹೊಗಳಿಕೆಗಿಂತ ಆ ಬೈಗುಳವೇ ನನ್ನ ಮನಸ್ಸು ಗಟ್ಟಿ ಮಾಡಿತು.

ಬೀಗರ ಮನೆ ನೋಡಲು ಸಾಹೇಬರು ಬೇಕೆಂದೇ ಎರೆ ಬಾಯಿ ಬಿಡುವ ರಣರಣ ಬಿಸಿಲಿನ ದಿನ ಬಂದರು. ಚಹಾ ಬೇಡವೆಂದರು. ಪಡಸಾಲೆ, ಅಡುಗೆಮನೆ, ಬಚ್ಚಲು, ಎಲ್ಲ ಕಡೆ ಗಿಣ್ಣು ಬಡಿದು ನೋಡಿ ದೇವರ ಕೋಣೆಗೆ ಬಂದಾಗ ಬೀಗರು ಬಾಗಿಲಿಗೆ ಅಡ್ಡ ನಿಂತರು. "ಇಲ್ಲಿಗೆ ಸಾಕು. ನಿಮ್ಮ ಕೇರಿಯೋರನ್ನ ನಾವು ದೇವರ ಕೋಣ್ಯಾಗ ಬಿಡಂಗಿಲ್ಲ."

"ಒಂದು ಕೋಣಿ ಬಿಟ್ರ ಯಾರ ಗಂಟು ಹೋತು?" ಎಂದು ಮಾವ ದನಿಗೂಡಿಸಿದ.

ಸಾಹೇಬರು ತಲೆ ತಗ್ಗಿಸಲಿಲ್ಲ. "ಮನಿ ಇನ್ನೂ ನಿಮ್ಮದು. ಬರಬ್ಯಾಡ ಅಂದ್ರ ಬರಂಗಿಲ್ಲ. ಆದ್ರ ನಾ ನೋಡ್ಲಾರದ ಗ್ವಾಡಿನ ಗಟ್ಟಿ ಐತಿ ಅಂತ ಹೇಳಂಗಿಲ್ಲ" ಎಂದರು.

ಬೀಗರನ್ನು ಸರಿಸಿ ನಾನೇ ಒಳನುಗ್ಗಿದೆ. ಗೋಡೆಯ ಮೇಲೆ ಶಿವನದೊಂದು ಆಳೆತ್ತರದ ಪಟ. ಹೊಸ್ತಿಲ ಆಚೆಯಿಂದಲೇ ಸಾಹೇಬರು, "ಗ್ವಾಡಿಗೆ ದೀಪದ ಹೊಗಿ ಹತ್ತೇತಿ, ಪಟ ಮಾತ್ರ ಹೊಸಾದು, ಮೊಳೆನೂ ಹೊಸಾವು. ಕೈ ಮುಗುದು ಇಳಸ್ರಿ ಅಮ್ಮಾ" ಎಂದರು.

"ದೇವರ ಪಟ ಮುಟ್ಟಬ್ಯಾಡಲೇ!" ಎಂದು ಮಾವ ಕಿರುಚಿದ. ಕೈ ಮುಗಿದೆ, ಇಳಿಸಿದೆ. ಹಿಂದೆ ಸೂರಿನಿಂದ ನೆಲದವರೆಗೆ ಗೋಡೆ ಸೀಳಿತ್ತು. ನನ್ನ ಬೆರಳುಗಳು ಅದರೊಳಗೆ ಹೋಗಿ ಬಂದವು. "ಇದನ್ನ ಕಾಯಾಕ ಶಿವನ್ನ ನಿಲ್ಸೀರೇನ್ರಿ? ನಾಚಿಕಿ ಬ್ಯಾಡೇನು ನಿಮಗ?" ಎಂದು ಕೇಳಿ, ಸಾಹೇಬರ ಜೊತೆ ಬೀದಿಗಿಳಿದೆ. ಮಾವ ಅಂದಿನಿಂದ ಮಾತು ಬಿಟ್ಟ. ಬಿಡಲಿ.

ಮುಂದೆ ಕೌಲ್ ಬಜಾರಿನಲ್ಲಿ ಹಳೆಯದೊಂದು ಕಲ್ಲುಮನೆ ಸಿಕ್ಕಿತು. ಸಾಹೇಬರು ಸಂದುಗೊಂದು ಬಿಡದೆ ನೋಡಿ ಹೂಂ ಅಂದ ಮೇಲೆಯೇ ಕೊಂಡೆ. ಗೃಹಪ್ರವೇಶದ ದಿನ ಅವರೇ ಮೊದಲು ಒಳಗೆ ಬರಬೇಕೆಂದು ಹಟ ಮಾಡಿದೆ. ಅವ್ವ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಾನೇ ಆರತಿ ತಂದು, "ಬರ್ರಿ ಅಣ್ಣಾರ, ದೇವರ ಕೋಣಿಗೆ ಬರ್ರಿ" ಎಂದಳು. ಒಳಗೆ ಬಂದವರು ದೇವರಿಗೆ ಕೈ ಮುಗಿಯುವ ಮೊದಲು ಗೋಡೆ ಬಡಿದರು! "ಗಟ್ಟಿ ಐತ್ರಿ" ಎಂದ ಮೇಲೆಯೇ ದೇವರಿಗೆ ಕೈ ಮುಗಿದರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ಮಗಳಿಂದ ಒಂದು ಫೋಟೋ ಕೇಳಿ ತಂದು ದೇವರ ಕೋಣೆಯ ಹಲಗೆಯ ಮೇಲೆ, ದೇವರುಗಳ ಪಕ್ಕದಲ್ಲೇ ಇಟ್ಟಿದ್ದೇನೆ. ಗೋಡೆಗೆ ನಾನು ಯಾವ ಪಟವನ್ನೂ ತೂಗುಹಾಕಿಲ್ಲ. ಬಂದ ನೆಂಟರಲ್ಲಿ ಕೆಲವರು ಫೋಟೋ ನೋಡಿ ಈಗಲೂ ಮೂಗು ಮುರಿಯುತ್ತಾರೆ, ಇವರು ಇಲ್ಲಿ ಯಾಕೆ ಎನ್ನುತ್ತಾರೆ. ಬಾಗಿಲು ಅಲ್ಲಿದೆ ಎಂದು ಕೈ ತೋರಿಸುತ್ತೇನೆ. ಆ ಬಾಗಿಲ ಚೌಕಟ್ಟನ್ನೂ ಅವರೇ ಬಡಿದು ನೋಡಿದ್ದರು. ಸಿಟ್ಟಿನಿಂದ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡು ಹೋದರೂ ಅದಕ್ಕೇನೂ ಆಗುವುದಿಲ್ಲ.