ಎಂಬತ್ತೇಳು ಪಂಪುಗಳಿಗೆ ಪಂಕ್ತಿ ಹಾಕಿದ ಜಾನಬಿ

ಹಂಪಸಾಗರದ ಹೊಲಗಳ ಅಂಚಿನಲ್ಲಿ ಸೂರ್ಯ ಇನ್ನೂ ಅರ್ಧ ತಲೆಯನ್ನಷ್ಟೇ ಎತ್ತಿದ್ದಾನೆ. ಜಾನಬಿ ಆಗಲೇ ಆರನೆಯ ಪಂಪಿನ ಪೆಟ್ಟಿಗೆ ತೆರೆದಿದ್ದಾರೆ. ಬಾಯಲ್ಲಿ ಟೆಸ್ಟರ್, ಸೊಂಟಕ್ಕೆ ಸೆರಗು, ಮೋಟಾರಿಗೆ ಕಿವಿ. ಆ ಕಿವಿ ಸಾಮಾನ್ಯದ್ದಲ್ಲ. ತುಂಗಭದ್ರೆಯ ಆಚೆ ದಡದಲ್ಲಿ ಬೇರಿಂಗು ಒಣಗಿದರೆ, ಈಚೆ ದಡದಲ್ಲಿ ಚಹಾ ಕುಡಿಯುತ್ತಿರುವ ಜಾನಬಿಯ ಹುಬ್ಬು ಮೇಲೇರುತ್ತದೆ.

“ಒಂಬತ್ತಕ್ಕ ಕರೆಂಟ್ ಬರತೈತ್ರಿ. ಅಷ್ಟರಾಗ ನಾ ಹೇಳೋದು ಹೇಳಿಬಿಡಬೇಕು. ಆಮ್ಯಾಲೆ ಇವು ಯಾರ ಮಾತೂ ಕೇಳಂಗಿಲ್ಲ” ಎಂದು ಪೆಟ್ಟಿಗೆ ಮುಚ್ಚುತ್ತಾರೆ.

ಐವತ್ನಾಲ್ಕರ ಜಾನಬಿಯದು ಹಗರಿಬೊಮ್ಮನಹಳ್ಳಿಯಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ. ಗಂಡ ಅಬ್ದುಲ್ ವಹಾಬರ ಕೈಗೆ ನಡುಕ ಬಂದ ವರ್ಷ ತಾಮ್ರದ ತಂತಿ ಇವರ ಕೈಗೆ ಬಂತು. ಆಗ ಗಿರಾಕಿಗಳು “ವಹಾಬಣ್ಣ ಎಲ್ಲಿ?” ಎಂದು ಕೇಳಿ ವಾಪಸ್ಸಾಗುತ್ತಿದ್ದರು. ಬರಬರುತ್ತ ವಹಾಬರೇ ಬಾಗಿಲಲ್ಲಿ ಕೂತು “ಮೇಸ್ತ್ರಿ ಒಳಗ ಅದಾಳ, ಸರದಿಗೆ ನಿಂದ್ರಿ” ಎನ್ನತೊಡಗಿದರು. ಹೋದ ವರ್ಷದ ತನಕ ದಿನಕ್ಕೆ ಮೂರು ಮೋಟಾರು, ಹದಿನಾಲ್ಕು ಚಹಾ. ಹತ್ತೊಂಬತ್ತು ವರ್ಷಗಳಲ್ಲಿ ಈಕೆ ಸುತ್ತಿದ ತಂತಿಯನ್ನು ಬಿಚ್ಚಿ ಎಳೆದರೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳನ್ನು ಸುತ್ತಿ, ಚಂದ್ರನಿಗೊಂದು ಗಂಟು ಹಾಕಿ, ಮಿಕ್ಕಿದ್ದರಲ್ಲಿ ಬಟ್ಟೆ ಒಣಗಿಸಬಹುದು.

ಹೋದ ವರ್ಷ ಈ ಹೊಲಗಳ ಪಕ್ಕ ಸೋಲಾರ್ ಘಟಕ ಬಂತು. ರಾತ್ರಿ ಪಾಳಿಯ ಕರೆಂಟು ಹೋಗಿ, ಹಗಲು ಕರೆಂಟು ಸಿಕ್ಕಿತು. ಟಾರ್ಚು ಹಿಡಿದು ಹಾವು ದಾಟುವ ಕೆಲಸ ತಪ್ಪಿತು. ಆದರೆ ಬಿಸಿಲಿನ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರ್ ಎಂಬ ಪೆಟ್ಟಿಗೆಗಳದ್ದು ಹೊಸ ಅಳಿಯನ ಮರ್ಜಿ. ಲೈನಿನ ವೋಲ್ಟೇಜು ಚೂರು ಕುಸಿದರೂ ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತವೆ. ಪ್ರತಿದಿನ ಒಂಬತ್ತಕ್ಕೆ ಸರಿಯಾಗಿ ಅವೆಲ್ಲ ಒಟ್ಟಿಗೇ ಮುನಿಸಿಕೊಂಡವು. ಅವು ಕೈಬಿಟ್ಟ ಕೂಡಲೇ ವೋಲ್ಟೇಜು ಇನ್ನಷ್ಟು ಕುಸಿದು ಮೋಟಾರುಗಳು ಸುಟ್ಟವು. ಘಟಕದ ಎಂಜಿನಿಯರ್ ಗಂಗಾಧರ್ ಲ್ಯಾಪ್‌ಟಾಪ್ ಹಿಡಿದು ಇಪ್ಪತ್ತು ದಿನ ಬಿಸಿಲಲ್ಲಿ ಬೆಂದರು. ಕೊನೆಗೆ ಮೇಲಿನಿಂದ ಮಾತು ಬಂತು: ತಿಂಗಳೊಳಗೆ ಸರಿಹೋಗದಿದ್ದರೆ ಹಗಲು ಕರೆಂಟು ರದ್ದು, ಮತ್ತೆ ರಾತ್ರಿ ಪಾಳಿ.

ಅತ್ತ ಜಾನಬಿಯ ಅಂಗಡಿಯಲ್ಲಿ ಸುಟ್ಟ ಮೋಟಾರುಗಳು ಸೂರು ಮುಟ್ಟಿದ್ದವು. ಬೇರೆಯವರಾಗಿದ್ದರೆ ಬಂದ ಲಾಭಕ್ಕೆ ಕೈ ಮುಗಿದು ಸುಮ್ಮನಿರುತ್ತಿದ್ದರು. ಜಾನಬಿ ಮಾತ್ರ ಒಂದು ಬೆಳಿಗ್ಗೆ ಬದುವಿನ ಮೇಲೆ ಕಣ್ಣುಮುಚ್ಚಿ ನಿಂತರು. ಒಂಬತ್ತು ಬಡಿಯಿತು. ಎಂಬತ್ತೇಳು ಪಂಪುಗಳ ಪೆಟ್ಟಿಗೆಗಳಿಂದ ಒಂದೇ ಒಂದು ‘ಟಕ್!’ ಆ ಸದ್ದಿಗೆ ಮೈಲಾರದ ತನಕ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವಂತೆ.

ಜಾನಬಿಯ ಎದೆಯೂ ಟಕ್ ಎಂದಿತು. ಕರೆಂಟು ಬಂದೊಡನೆ ಪಂಪನ್ನು ತಾನೇ ಎಬ್ಬಿಸುವ ಆ ಆಟೋ ಸ್ಟಾರ್ಟರುಗಳನ್ನು ಕೂರಿಸಿದವರು ಇವರೇ. ಎಷ್ಟು ಹೊತ್ತು ತಡೆದು ಎಬ್ಬಿಸಬೇಕೆಂದು ಹೇಳುವ ತಿರುಪೊಂದು ಪ್ರತಿಯೊಂದರಲ್ಲೂ ಇದೆ. “ಅಕ್ಕಾ, ನಂದು ಮೊದಲು ಏಳಬೇಕು ನೋಡು” ಎಂದು ಪ್ರತಿ ರೈತನೂ ಕಿವಿಯಲ್ಲಿ ಉಸುರಿದ್ದ. ಇವರು ಎಲ್ಲರದ್ದನ್ನೂ ಸೊನ್ನೆಗೆ ತಿರುಗಿಸಿ, ಯಾರೂ ಮುಟ್ಟದಂತೆ ಮಗಳು ಸೈಮಾಳ ಕೆಂಪು ನೇಲ್ ಪಾಲಿಶ್‌ನಿಂದ ಮೊಹರು ಹಾಕಿದ್ದರು.

ಅಂದೇ ಊರವರ ಮುಂದೆ ಬಾಯಿಬಿಟ್ಟರು. “ತಪ್ಪು ನಂದೈತ್ರಿ. ಎಂಬತ್ತೇಳು ಮಂದಿಗೂ ನಿಂದೇ ಮೊದಲು ಅಂತ ಮಾತು ಕೊಟ್ಟೀನಿ. ಎಲ್ಲಾ ಒಮ್ಮಿಗೇ ಎದ್ದು ವೋಲ್ಟೇಜು ಕೆಡವತಾವ.”

ಗಂಗಾಧರ್ ಲ್ಯಾಪ್‌ಟಾಪ್ ಮಡಚಿದರು. “ನಾಲ್ಕು ನಾಲ್ಕು ಸೆಕೆಂಡ್ ಬಿಟ್ಟು ಒಂದೊಂದೇ ಏಳಿಸಿ ಅಮ್ಮಾ, ಸಾಕು.”

ಸಾಕೆಂದರೆ ಸಾಕಾಗುತ್ತದೆಯೇ? ಕೊನೆಯವರು ಯಾರು? ಹತ್ತು ಎಚ್‌ಪಿ ಪಂಪಿನ ದೊಡ್ಡಬೀರಪ್ಪ ಗುಡುಗಿದರು: “ಆರು ನಿಮಿಷ ಕಾಯಾಕ ನಾನೇನು ಬಿಟ್ಟಿ ಬಿದ್ದೀನೇನು? ನನ್ನ ಪೆಟ್ಟಿಗಿ ಮುಟ್ಟಿದ್ರ ನೋಡು!”

ಜಾನಬಿ ಸೆರಗು ಸರಿಮಾಡಿಕೊಂಡು, “ಯಣ್ಣಾ, ಮದುವಿ ಮನ್ಯಾಗ ಮೊದಲನೇ ಪಂಕ್ತಿಗೆ ಕುಂದ್ರೋರು ಯಾರು?” ಎಂದರು.

“ಸಣ್ಣ ಹುಡುಗ್ರು.”

“ಕಡೀಗೆ ಉಣ್ಣೋರು?”

“ಮನಿ ಯಜಮಾನ.”

“ಈ ಲೈನಿನ್ಯಾಗ ನಿನ್ನ ಪಂಪಿಗಿಂತ ದೊಡ್ಡದು ಯಾವುದೈತಿ ಹೇಳು?”

ದೊಡ್ಡಬೀರಪ್ಪನ ಮೀಸೆ ಒಂದು ಗೇಣು ಬೆಳೆಯಿತು. “ಹಂಗಂದ್ರ ನಂದು ಕಡೀಗೇ ಇರ್ಲಿ. ಯಾರಾದ್ರೂ ನನ್ನ ಹಿಂದ ಬಂದ್ರ ಕಾಲು ಮುರೀತೀನಿ!”

ಮೂರು ದಿನದಲ್ಲಿ ಎಂಬತ್ತೇಳು ಕೆಂಪು ಮೊಹರು ಒಡೆದು ನೇರಳೆ ಮೊಹರು ಬಿದ್ದವು. ನಾಲ್ಕನೆಯ ದಿನ ಒಂಬತ್ತಕ್ಕೆ ಊರೇ ಬದುವಿನ ಮೇಲಿತ್ತು. ಟಕ್. ನಾಲ್ಕು ಸೆಕೆಂಡ್. ಟಕ್. ನೀರು ಹೊಲದಿಂದ ಹೊಲಕ್ಕೆ ಚಿಮ್ಮುತ್ತ ಹೋಯಿತು. ಒಂಬತ್ತು ಗಂಟೆ ಆರು ನಿಮಿಷಕ್ಕೆ ದೊಡ್ಡಬೀರಪ್ಪನ ಯಜಮಾನ ಪಂಪು ಗುಡುಗಿ ಎದ್ದಿತು. ಇನ್ವರ್ಟರುಗಳ ಹಸಿರು ದೀಪ ಮಿಸುಕಲಿಲ್ಲ. ಗಂಗಾಧರ್ ಹಾರಿದ ಎತ್ತರಕ್ಕೆ ತೆಂಗಿನಕಾಯಿ ಕೈಗೆ ಸಿಗುತ್ತಿತ್ತು.

ಏಳು ತಿಂಗಳಾಯಿತು. ಹಗಲು ಕರೆಂಟು ಹಗಲಲ್ಲೇ ಇದೆ. ನೀಲಗುಂದದ ಪಂಪುಗಳಿಗೂ ಸರದಿ ಹಾಕಿಕೊಡಲು ಕರೆ ಬಂದಿದೆ. ಕದ್ದುಮುಚ್ಚಿ ಯಾರಾದರೂ ತಿರುಪು ತಿರುಗಿಸಿದರೆ ನೇರಳೆ ಬಣ್ಣ ಒಡೆದು ಹೇಳುತ್ತದೆ. ಬೆಳಗಿನ ಈ ತಿರುಗಾಟ ಅದಕ್ಕೇ. ಅಂಗಡಿಯಲ್ಲೀಗ ಸುಟ್ಟ ಮೋಟಾರು ಬರುವುದು ವಾರಕ್ಕೊಂದು. “ಕೈಯಾರ ಅಂಗಡಿ ಖಾಲಿ ಮಾಡಿಕೊಂಡ ಮೇಸ್ತ್ರಿ ಈಕಿ ಒಬ್ಬಾಕೀನ” ಎಂದು ವಹಾಬರು ನಗುತ್ತಾರೆ.

ಜಾನಬಿಯ ಕಿವಿ ಪಂಪುಗಳ ಕಡೆ. ಒಂಬತ್ತಾಗಿದೆ, ಬದುವಿನ ಮೇಲೆ ಕೂತು ಬೆರಳೆಣಿಸುತ್ತಿದ್ದಾರೆ. ಚಹಾ ಆರುತ್ತಿದೆ.

“ಕಡೀದು ಏಳೋತನಕ ನಾ ಏಳಂಗಿಲ್ರಿ. ಬಡಿಸಿದಾಕಿ ನಾನಲ್ಲೇನು?”