ಜುಲ್ಮಾಳ ನೀಲಿ ತೋಳು

ಕೋರ್ಟಿನಲ್ಲಿ ಹೆಸರು ಕೂಗಿ ಸಾಕ್ಷಿಗಳನ್ನು ಒಳಗೆ ಕರೆತರುವ ಜುಲ್ಮಾ ಅಕೀನೊಳನ್ನು ಪುಯೆರ್ತೊ ಸೇಯ್ಬೊ ಊರಿನವರೆಲ್ಲ ಟಿವಿಯಲ್ಲಿ ನೋಡಿದ್ದಾರೆ. ನೋಡಿದ್ದೆಂದರೆ ಅವಳ ಬಲತೋಳನ್ನಷ್ಟೇ. ಸಾಕ್ಷಿಯ ಹಿಂದೆ ಇಟ್ಟ ಕ್ಯಾಮೆರಾಕ್ಕೆ ನಡುವೆ ಸಾಕ್ಷಿಯ ಬೆನ್ನು, ಎದುರಿಗೆ ನ್ಯಾಯಾಧೀಶೆ, ಎಡ ಅಂಚಿನಲ್ಲಿ ಬಾಗಿಲ ಬಳಿ ಎರಡು ಬಿಳಿ ಪಟ್ಟಿಯ ಸಮವಸ್ತ್ರದ ಒಂದು ನೀಲಿ ತೋಳು ಬೀಳುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಆ ತೋಳು ಅಲ್ಲಿಂದ ಒಂದು ಬೆರಳು ಆಚೀಚೆ ಆಗಿರಲಿಲ್ಲ.

ಎದುರುಮನೆಯ ಕ್ರಿಸ್ಪುಲಾಗೆ ಇದೊಂದು ನಿತ್ಯದ ತಮಾಷೆ. ಬಾಗಿಲಲ್ಲಿ ಚಿಪಾ ರೊಟ್ಟಿ ಸುಟ್ಟು ಮಾರುವ ಹೆಂಗಸು. ರೊಟ್ಟಿಯ ಜೊತೆ ಊರಿನ ಸುದ್ದಿಯನ್ನೂ ಬಿಸಿಬಿಸಿಯಾಗಿ ಕೊಡುತ್ತಿದ್ದಳು. "ನಿನ್ನೆ ನಿನ್ ತೋಳು ಚೆನ್ನಾಗಿ ಬಂದಿತ್ತು ಕಣೇ. ಮುಖಾನೂ ಒಂಚೂರು ತೋರ್ಸು ಅನ್ನು ಆ ಕ್ಯಾಮೆರಾದವನಿಗೆ, ಯಾವನಾದ್ರೂ ಗಂಡು ಬಂದಾನು," ಎನ್ನುವಳು. ಐವತ್ಮೂರರ ಜುಲ್ಮಾ ನಕ್ಕು ಕೆಲಸಕ್ಕೆ ನಡೆಯುತ್ತಿದ್ದಳು.

ಕ್ಯಾಮೆರಾದ ನಿಯಮವೆಲ್ಲ ಅವಳಿಗೆ ಬಾಯಿಪಾಠ. ಎಷ್ಟೇ ಚಾನೆಲ್ಲುಗಳಿರಲಿ, ಒಳಗೆ ಬರುವುದು ಒಂದೇ ಕ್ಯಾಮೆರಾ. ಅದು ಸಾಕ್ಷಿಯ ಮುಂದೆ ಇಲ್ಲವೇ ಹಿಂದೆ, ನೆಲದಲ್ಲಿ ಹಳದಿ ಪಟ್ಟಿ ಅಂಟಿಸಿದ ಜಾಗದಲ್ಲೇ ನಿಲ್ಲಬೇಕು. ಒಬ್ಬ ಸಾಕ್ಷಿಗೆ ಎರಡೇ ನಿಮಿಷ, ಅದೂ ಧ್ವನಿಯಿಲ್ಲದೆ. ಸಾಕ್ಷಿ ಒಪ್ಪಿದರೆ ಮುಖ, ಒಪ್ಪದಿದ್ದರೆ ಬೆನ್ನು; ಏನೂ ಬೇಡ ಎನ್ನುವಂತಿಲ್ಲ. ನ್ಯಾಯ ಜನರ ಕಣ್ಣೆದುರು ನಡೆಯಬೇಕೆಂದು ನಿಯಮ ಬರೆದವರ ಆಸೆ. ಒಳ್ಳೆಯ ಆಸೆಯೇ. ಆದರೆ ಅದನ್ನು ಬರೆದವರು ರಾಜಧಾನಿಯವರು. ಬೆನ್ನು ನೋಡಿ ಮನುಷ್ಯರನ್ನು ಗುರುತಿಸುವ ಊರುಗಳ ಗೊಡವೆ ಅವರಿಗಿರಲಿಲ್ಲ.

ಜುಲ್ಮಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸು, ಮುಖ ಬೇಡ ಬೆನ್ನು ಸಾಕು ಎಂದು ನಂಬಿ ಸಾಕ್ಷಿ ಹೇಳಿದ್ದಳು. ಅವಳ ಉಣ್ಣೆಯ ಅಂಗಿಯ ಹೆಣಿಗೆಯನ್ನು ನೋಡಿ ಮಾರನೆಯ ಬೆಳಿಗ್ಗೆಯೇ ಸಂತೆಯೆಲ್ಲ ಅವಳ ಹೆಸರು ಹೇಳುತ್ತಿತ್ತು. ಪಾಪದವಳು ಊರು ಬಿಟ್ಟಳು. ಆ ವಾರವೇ ಜುಲ್ಮಾ ತೀರಿಹೋದ ಅಪ್ಪನ ಬೂದು ಬಣ್ಣದ ಕೋಟನ್ನು ತಂದು ಸಾಕ್ಷಿಗಳ ಕೋಣೆಯ ಮೊಳೆಗೆ ಸಿಕ್ಕಿಸಿದಳು. ಅಪ್ಪ ಪರಾನಾ ನದಿಯಲ್ಲಿ ದೋಣಿ ನಡೆಸುತ್ತಿದ್ದವನು, ಆಳೂ ದೊಡ್ಡವನು. ಆ ಕೋಟಿನೊಳಗೆ ಯಾರು ಹೊಕ್ಕರೂ ಒಂದೇ ಥರ ಕಾಣುತ್ತಿದ್ದರು. ಯಾವ ನಿಯಮದಲ್ಲೂ ಇಲ್ಲದ ಆ ಕೋಟನ್ನು ಜನ ಬೇಸಿಗೆಯ ಉರಿಯಲ್ಲೂ ಬೆವರುತ್ತ ತೊಟ್ಟುಕೊಂಡರು.

ಈಗ ಎವಾರಿಸ್ತೊನ ಮೊಕದ್ದಮೆ ಬಂದಿತ್ತು. ನದಿಯಂಚಿನ ಊರುಗಳಲ್ಲಿ ಮೆಷಿನ್ನು ರಿಪೇರಿ ಮಾಡುತ್ತ ತಿರುಗುತ್ತಿದ್ದ ಸಿಹಿಮಾತಿನ ಮನುಷ್ಯ. ಒಂಟಿ ಹೆಂಗಸರನ್ನು ಮದುವೆಯಾಗುತ್ತೇನೆಂದು ನಂಬಿಸಿ, ಒಬ್ಬಳ ಹೊಲಿಗೆ ಯಂತ್ರ, ಇನ್ನೊಬ್ಬಳ ಫ್ರಿಜ್ಜು, ಮತ್ತೊಬ್ಬಳ ತೀರಿಹೋದ ಗಂಡನ ಅಕಾರ್ಡಿಯನ್ನು ರಿಪೇರಿಗೆಂದು ಒಯ್ದು ಮಾರಿಕೊಂಡಿದ್ದ. ದೂರು ಕೊಟ್ಟವರು ಆರು ಜನ. ಮೋಸಹೋದವರು ಏಳು. ಏಳನೆಯವಳು ಜುಲ್ಮಾ.

ಅವಳಿಂದ ಅವನು ಒಯ್ದದ್ದು ಅಪ್ಪನ ದೋಣಿ. ಆದರೆ ಕೋರ್ಟಿನಲ್ಲಿ ಸವೆದ ಜೀವ. ಪ್ರೀತಿಯ ಅಮಲಿನಲ್ಲೂ ಅಭ್ಯಾಸಬಲದಿಂದ ಒಂದು ಕಾಗದ ಬರೆಸಿಕೊಂಡಿದ್ದಳು. 'ದುರಸ್ತಿಗಾಗಿ ದೋಣಿ ಪಡೆದಿದ್ದೇನೆ, ಈಸ್ಟರಿನೊಳಗೆ ಹಿಂದಿರುಗಿಸುತ್ತೇನೆ.' ಕೆಳಗೆ ಅವನ ರುಜು. ಕಾಗದವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬಾಯಿ ಹೊಲಿದುಕೊಂಡಳು. ಕೋರ್ಟಿನ ಜುಲ್ಮಾನೇ ಟೋಪಿ ಹಾಕಿಸಿಕೊಂಡಳಂತೆ ಎಂಬ ಮಾತು ಕ್ರಿಸ್ಪುಲಾಳ ಒಲೆಯ ಮುಂದೆ ಬೇಯುವುದನ್ನು ನೆನೆದರೇ ಅವಳಿಗೆ ಅನ್ನನೀರು ಸೇರುತ್ತಿರಲಿಲ್ಲ.

ವಿಚಾರಣೆಯ ಮೊದಲ ದಿನ ನ್ಯಾಯಾಧೀಶೆ ಲೆಗಿಸಾಮೊನ್ ಆ ಹೆಂಗಸರ ಮಾನಕ್ಕಾಗಿ ಜನರನ್ನು ಹೊರಗಿಟ್ಟರು; ಒಳಗೆ ಉಳಿದದ್ದು ಮೊಕದ್ದಮೆಗೆ ಸಂಬಂಧಪಟ್ಟವರು ಮತ್ತು ಎರಡು ನಿಮಿಷದ ಕ್ಯಾಮೆರಾ. ಮೊದಲ ಸಾಕ್ಷಿ ಇಗರ್ಜಿಯಲ್ಲಿ ಹಾಡುವ ಎರ್ಮೀನಿಯಾ, ಬಳ್ಳಿಯಂಥ ಸಣಕಲು ಹೆಂಗಸು, ಸೊಂಟದವರೆಗೆ ನರೆತ ಜಡೆ. ಜುಲ್ಮಾ ಆ ಜಡೆಯನ್ನು ಕೋಟಿನ ಕಾಲರಿನೊಳಗೆ ತೂರಿಸಿ, ಒಂದೊಂದೇ ಗುಂಡಿ ಹಾಕಿದಳು. ಎರ್ಮೀನಿಯಾ ಅವಳ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಎವಾರಿಸ್ತೊನ ವಕೀಲ ಮೆತ್ತಗಿನ ದನಿಯಲ್ಲಿ ಕುಯ್ಯುವ ಮನುಷ್ಯ. ಇವೆಲ್ಲ ಪ್ರೀತಿಯ ಕಾಣಿಕೆಗಳು, ಮನಸ್ಸು ಮುರಿದ ಮೇಲೆ ದೂರಾದವು ಎಂದ. ರಿಪೇರಿಗೆ ಕೊಟ್ಟಿದ್ದಕ್ಕೆ ಒಂದಾದರೂ ಚೀಟಿ ಇದೆಯೇ ಎಂದು ಆರೂ ಜನರನ್ನು ಕೇಳಿದ. ಯಾರ ಹತ್ತಿರವೂ ಇರಲಿಲ್ಲ. ಎರ್ಮೀನಿಯಾ ಕೋಟಿನೊಳಗೆ ಇನ್ನಷ್ಟು ಕುಗ್ಗಿದ್ದನ್ನು ಬಾಗಿಲ ಬಳಿ ನಿಂತ ಜುಲ್ಮಾ ಕಂಡಳು. ಎವಾರಿಸ್ತೊ ಮಾತ್ರ ಜುಲ್ಮಾಳನ್ನೇ ನೋಡಿ ಮುಗುಳ್ನಕ್ಕ. ಇವಳು ಬಾಯಿ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಡಬ್ಬಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಇಷ್ಟು ವರ್ಷ ಕೋಟು ತೊಡಿಸಿ ಎಷ್ಟೋ ಜನರಿಗೆ ಹೆದರಬೇಡಿ ಎಂದವಳು ತಾನು. ಹೆದರಿಕೆ ಎಂದರೆ ಏನೆಂದು ತಿಳಿಯದೆಯೇ ಹಾಗೆನ್ನುತ್ತಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಬೆಳಿಗ್ಗೆ ಕಾಗದವನ್ನು ಸರ್ಕಾರಿ ವಕೀಲರ ಮೇಜಿನ ಮೇಲಿಟ್ಟಳು. ಎವಾರಿಸ್ತೊನ ವಕೀಲ ಎದ್ದು, ನಿನ್ನೆಯ ಸಾಕ್ಷ್ಯವನ್ನೆಲ್ಲ ಇವಳು ಕೇಳಿಸಿಕೊಂಡಿದ್ದಾಳೆ, ಇವಳ ಮಾತು ನಡೆಯುವುದಿಲ್ಲ ಎಂದು ಆಕ್ಷೇಪಿಸಿದ.

"ಇವರು ಕೇಳಿಸ್ಕೊಂಡಿರಬಹುದು," ಎಂದರು ನ್ಯಾಯಾಧೀಶೆ. "ಕಾಗದಕ್ಕೆ ಕಿವಿ ಇಲ್ಲವಲ್ಲ. ಕಾಗದದ ಬಗ್ಗೆ ಮಾತ್ರ ಹೇಳಲಿ."

ಆಮೇಲೆ, ಇಷ್ಟು ವರ್ಷ ಜುಲ್ಮಾ ಕೇಳುತ್ತಿದ್ದ ಪ್ರಶ್ನೆಯನ್ನು ಅವಳಿಗೇ ಕೇಳಿದರು: ಮುಖವೋ, ಬೆನ್ನೋ? ಬೆನ್ನು ಎಂದಳು ಜುಲ್ಮಾ.

ಸಾಕ್ಷಿಗಳ ಕೋಣೆಯಲ್ಲಿ ನೀಲಿ ಜಾಕೆಟ್ ಕಳಚಿ ಅಪ್ಪನ ಕೋಟು ತೊಟ್ಟಳು. ಕ್ಯಾಮೆರಾದ ಗುಮೆರ್ಸಿಂದೊ ಬಾಗಿಲಲ್ಲಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಬಾಯಿ ಭದ್ರವಿದ್ದ ಮನುಷ್ಯ.

"ಜುಲ್ಮಾ ಅಮ್ಮಾವ್ರೇ, ತಪ್ಪು ತಿಳೀಬೇಡಿ. ಕೋಟೇನೋ ಹಾಕ್ಕೊಂಡ್ರಿ. ಎಡಗಡೆ ನಿಮ್ ತೋಳು ಇಲ್ದೆ ಇದ್ರೆ ಒಳಗಿರೋದು ಯಾರು ಅಂತ ಊರಿಗೇ ಗೊತ್ತಾಗಲ್ವಾ?"

ಜುಲ್ಮಾಗೆ ಇದು ಹೊಳೆದೇ ಇರಲಿಲ್ಲ. ಎಲ್ಲರ ಬೆನ್ನು ಕಾದವಳಿಗೆ ತನ್ನ ತೋಳಿನ ನೆನಪಾಗಿರಲಿಲ್ಲ. ಅವಳ ಬದಲಿಗೆ ಹೆಸರು ಕೂಗಲು ಬಂದ ದಫ್ತರಖಾನೆಯ ತೊರೀಬಿಯೊ ಜಾಕೆಟ್ಟಿಗೆ ಕೈ ತೂರಿಸಿ ನೋಡಿದ. ಆನೆಯಂಥ ಆಳು, ಮೊಣಕೈ ದಾಟಲಿಲ್ಲ, ಹೊಲಿಗೆ ಚರ್ರೆಂದಿತು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ಹೋದರೆ ಹೋಗಲಿ ಎಂದುಕೊಂಡು ಜುಲ್ಮಾ ನಡೆದಳು.

ಕುರ್ಚಿಯಲ್ಲಿ ಕೂತು ಎಡಕ್ಕೆ ನೋಡುವ ಧೈರ್ಯವಾಗಲಿಲ್ಲ. ಹಿಂದೆ ಗುಮೆರ್ಸಿಂದೊ ಕ್ಯಾಮೆರಾ ಸರಿಮಾಡುವ ಸದ್ದು. ನ್ಯಾಯಾಧೀಶೆ ಕನ್ನಡಕದ ಮೇಲಿಂದ ಬಾಗಿಲ ಕಡೆ ನೋಡಿದರು, ನೋಡುತ್ತಲೇ ಇದ್ದರು. ಆಗ ಜುಲ್ಮಾ ತಿರುಗಿದಳು.

ಬಾಗಿಲ ಬಳಿ ಅವಳ ಜಾಗದಲ್ಲಿ ಅವಳದೇ ನೀಲಿ ಜಾಕೆಟ್ ತೊಟ್ಟು ಎರ್ಮೀನಿಯಾ ನಿಂತಿದ್ದಳು. ತೋಳು ಉದ್ದವಾಗಿ ಬೆರಳು ಮುಚ್ಚಿತ್ತು. ಜಡೆಯನ್ನು ಜಾಕೆಟ್ಟಿನೊಳಗೆ ತೂರಿಸಿಕೊಂಡಿದ್ದಳು. ಉಳಿದ ಐದು ಹೆಂಗಸರು ಮೂಲೆಯ ಬೆಂಚಿನಲ್ಲಿ ಒತ್ತಿಕೊಂಡು ಕೂತಿದ್ದರು.

ಎವಾರಿಸ್ತೊನ ವಕೀಲ ಅರ್ಧ ಎದ್ದ. ನ್ಯಾಯಾಧೀಶೆ ನಿಯಮದ ಹಾಳೆಯನ್ನು ಕೈಗೆತ್ತಿಕೊಂಡು ನಿಧಾನವಾಗಿ ಮೇಲಿಂದ ಕೆಳಗೆ ಓದಿದರು.

"ಕ್ಯಾಮೆರಾ ಎಲ್ಲಿ ನಿಲ್ಬೇಕು ಅಂತ ಬರೆದಿದೆ. ಬಾಗಿಲ ಹತ್ರ ಯಾರು ನಿಲ್ಬೇಕು ಅಂತ ಎಲ್ಲೂ ಬರೆದಿಲ್ಲ," ಎಂದರು. "ಕೂತ್ಕೊಳ್ಳಿ ವಕೀಲರೇ. ಎರಡು ನಿಮಿಷ ಶುರು."

ಆ ಎರಡು ನಿಮಿಷ ಜುಲ್ಮಾ ಅಳಲಿಲ್ಲ. ಆಮೇಲೆ, ಕ್ಯಾಮೆರಾ ಮುಚ್ಚಿದ ಮೇಲೆ ಅತ್ತಳು. ಅಳುತ್ತಲೇ ರುಜು ಯಾವ ದಿನದ್ದು, ಎಲ್ಲಿ ಕೂತು ಬರೆದದ್ದು, ಎಲ್ಲವನ್ನೂ ಹೇಳಿದಳು. ಎವಾರಿಸ್ತೊ ಈ ಸಲ ನಗಲಿಲ್ಲ. ಒಂದು ದೋಣಿ ರಿಪೇರಿಗೆ ಹೋಗಿದ್ದು ಖಾತ್ರಿಯಾದ ಮೇಲೆ ಹೊಲಿಗೆ ಯಂತ್ರ, ಫ್ರಿಜ್ಜುಗಳ ಮಾತನ್ನೂ ನಂಬಲು ನ್ಯಾಯಾಧೀಶೆಗೆ ಕಷ್ಟವಾಗಲಿಲ್ಲ. ಆ ವಾರ ಮುಗಿಯುವುದರೊಳಗೆ ಅವನಿಗೆ ಶಿಕ್ಷೆಯಾಯಿತು.

ಅದು ಆಮೇಲಿನ ಮಾತು. ಸಾಕ್ಷಿ ಹೇಳಿದ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟ ಜುಲ್ಮಾ ತಲೆ ತಗ್ಗಿಸಿಕೊಂಡು ಬೀದಿ ದಾಟುತ್ತಿದ್ದಳು. ಒಲೆಯ ಮುಂದೆ ಏಳೆಂಟು ಜನ ಗಿರಾಕಿಗಳಿದ್ದರು. ಕ್ರಿಸ್ಪುಲಾ ಕೂಗಿ ಕರೆದಳು. ಜುಲ್ಮಾ ಅಲ್ಲೇ ನಿಂತಳು.

"ನಿನ್ನೆ ಟಿವೀಲಿ ನಿನ್ ತೋಳು ನೋಡ್ದೆ ಕಣೇ," ಎಂದಳು ಕ್ರಿಸ್ಪುಲಾ, ಎಲ್ಲರಿಗೂ ಕೇಳುವ ಹಾಗೆ.

ಎಲ್ಲರೂ ತಿರುಗಿ ನೋಡಿದರು. ಕ್ರಿಸ್ಪುಲಾ ಜುಲ್ಮಾಳ ಮುಖವನ್ನೊಮ್ಮೆ, ಅವಳ ದಪ್ಪನೆಯ ತೋಳನ್ನೊಮ್ಮೆ ನೋಡಿದಳು. ಜುಲ್ಮಾಳ ಅಪ್ಪನ ದೋಣಿ ಹತ್ತಿ ನದಿ ದಾಟಿದವಳು ಅವಳು. ಎವಾರಿಸ್ತೊ ಎದುರುಮನೆಗೆ ಬಂದುಹೋಗುತ್ತಿದ್ದುದನ್ನೂ ಇದೇ ಒಲೆಯ ಮುಂದೆ ಕೂತು ಕಂಡವಳು. ಇಷ್ಟು ದಿನ ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅದು ಜುಲ್ಮಾಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

"ತೀರಾ ಸೊರಗಿ ಹೋಗಿದೆ," ಎಂದು ಕ್ರಿಸ್ಪುಲಾ ಎರಡು ಬಿಸಿ ಚಿಪಾಗಳನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟಳು. "ಹೊಟ್ಟೆಗೆ ಸರಿಯಾಗಿ ತಿನ್ನು. ಒಂದು ಇಲ್ಲೇ ತಿಂದು ಹೋಗು, ನನ್ ಕಣ್ಣೆದುರಿಗೆ."

ಜುಲ್ಮಾ ಅಲ್ಲೇ ನಿಂತು ತಿಂದಳು.